ನಾಲಿಗೆ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಮಾತು ಮತ್ತೆ ಕಲಿಯುವುದು: ಹಂತ ಹಂತವಾಗಿ

"ಮಾತು ಮತ್ತೆ ಬರುತ್ತದಾ?" ಬೆಳಗಾವಿಯಲ್ಲಿ ಮಾತಿನ ಚಿಕಿತ್ಸೆ ಕೊಡುವ ನನಗೆ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಪ್ರಶ್ನೆ ಇದು. ಅಥಣಿಯಿಂದ, ಜಮಖಂಡಿಯಿಂದ, ಸಿಂದಗಿಯಿಂದ ಫೋನ್ ಬರುತ್ತವೆ. ಆಪರೇಷನ್ ಆಗಿರುತ್ತದೆ, ಹೊಲಿಗೆ ಮಾಯ್ದಿರುತ್ತದೆ, ಮನೆಗೂ ಬಂದಿರುತ್ತಾರೆ. ಆದರೆ ಮಾತಿಗಾಗಿ ಮುಂದೇನು ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಬಹಳಷ್ಟು ಜನರಿಗೆ ಮಾತು ಬರುತ್ತದೆ. ಹಳೆಯ ಮಾತು ಇದ್ದ ಹಾಗೇ ಬರುತ್ತದೆ ಅಂತ ಹೇಳಲಾರೆ. ಮನೆಯವರಿಗೆ, ಅಂಗಡಿಯವರಿಗೆ, ಫೋನಿನಲ್ಲಿ ಬೀಗರಿಗೆ ತಿಳಿಯುವಂಥ ಮಾತು ಬಂದರೆ ನಾವು ಗೆದ್ದ ಹಾಗೆ. ಅದು ಯಾವುದರ ಮೇಲೆ ನಿಂತಿದೆ? ಎಷ್ಟು ನಾಲಿಗೆ ತೆಗೆದಿದ್ದಾರೆ, ತುದಿ ಉಳಿದಿದೆಯಾ, ಉಳಿದದ್ದು ಎಷ್ಟು ಆಡುತ್ತದೆ, ಕರೆಂಟ್ (ಅಂದರೆ ರೇಡಿಯೇಷನ್) ಕೊಟ್ಟಿದ್ದಾರಾ. ಇವು ನಿಮ್ಮ ಕೈಯಲ್ಲಿಲ್ಲ. ಎಷ್ಟು ಬೇಗ ಅಭ್ಯಾಸ ಶುರು ಮಾಡುತ್ತೀರಿ, ದಿನಕ್ಕೆ ಎಷ್ಟು ಸಲ ಮಾಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಹೆಚ್ಚಿನ ಸುಧಾರಣೆ ಕಾಣುವುದು ಮೊದಲ 6ರಿಂದ 12 ತಿಂಗಳಲ್ಲಿ. "ಗಾಯ ಪೂರ್ತಿ ಮಾಯಲಿ, ಆಮೇಲೆ ನೋಡೋಣ" ಅಂತ ಆ ತಿಂಗಳುಗಳನ್ನು ಸುಮ್ನೆ ಕಳೆಯಬೇಡಿ.

ಒಂದು ಮಾತು. ಆಪರೇಷನ್ ಮಾಡಿದ ಡಾಕ್ಟರ್ ಹೇಳಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಡಾಕ್ಟರ್ ಮಾತನ್ನೇ ಕೇಳಿ. ನಿಮ್ಮ ಬಾಯಿಯೊಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದದ್ದರ ಅರ್ಥ

ಗ್ಲಾಸೆಕ್ಟಮಿ ಅಂದರೆ ನಾಲಿಗೆಯ ಭಾಗ ತೆಗೆದದ್ದು. ಪಾರ್ಷಿಯಲ್ ಅಂದರೆ ಸ್ವಲ್ಪ, ಹೆಮಿ ಅಂದರೆ ಅರ್ಧ, ಟೋಟಲ್ ಅಂದರೆ ಪೂರ್ತಿ. ಫ್ಲ್ಯಾಪ್ ಅಂದರೆ ಖಾಲಿಯಾದ ಜಾಗಕ್ಕೆ ಮುಂಗೈ, ತೊಡೆ ಅಥವಾ ಎದೆಯಿಂದ ತಂದು ಹೊಲಿದ ಚರ್ಮ-ಮಾಂಸ. ಅಂಗಿಗೆ ಹಾಕಿದ ತೇಪೆ ಇದ್ದ ಹಾಗೆ: ಜಾಗ ತುಂಬುತ್ತದೆ, ತಾನಾಗಿ ಆಡುವುದಿಲ್ಲ. ಪಕ್ಕದಲ್ಲಿ ಉಳಿದ ನಾಲಿಗೆಯೇ ಅದನ್ನು ತಳ್ಳಬೇಕು. ಅದಕ್ಕೆ ರುಚಿ ಇರುವುದಿಲ್ಲ, ಸ್ಪರ್ಶವೂ ಸರಿಯಾಗಿ ತಿಳಿಯುವುದಿಲ್ಲ. ಒಮ್ಮೊಮ್ಮೆ ಅದರ ಮೇಲೆ ಕೂದಲೂ ಬರುತ್ತದೆ. ಹೆದರಬೇಡಿ, ಅದು ತೊಡೆಯ ಅಥವಾ ಕೈಯ ಚರ್ಮ ಅಲ್ವಾ. ಶುರುವಿನಲ್ಲಿ ದಪ್ಪಗೆ ಬಾಯಿ ತುಂಬಿದಂತೆ ಅನ್ನಿಸುತ್ತದೆ. ತಿಂಗಳುಗಳು ಕಳೆದಂತೆ ಬಾವು ಇಳಿದು ಸ್ವಲ್ಪ ಕುಗ್ಗುತ್ತದೆ.

ನೆಕ್ ಡಿಸೆಕ್ಷನ್ ಅಂದರೆ ಕುತ್ತಿಗೆಯ ಗಂಟುಗಳನ್ನು ತೆಗೆದದ್ದು. ಇದರಿಂದ ಭುಜ ಎತ್ತಲು ಕಷ್ಟವಾಗಬಹುದು, ಕೆಳತುಟಿಯ ಒಂದು ಮೂಲೆ ಜೋತುಬೀಳಬಹುದು. ಟ್ರೇಕಿಯಾಸ್ಟಮಿ ಅಂದರೆ ಉಸಿರಾಟಕ್ಕೆ ಗಂಟಲಿನಲ್ಲಿ ಮಾಡಿದ ತೂತು. ರೈಲ್ಸ್ ಟ್ಯೂಬ್ ಅಂದರೆ ಮೂಗಿನಿಂದ ಹೊಟ್ಟೆಗೆ ಹಾಕಿದ ಊಟದ ನಳಿಗೆ.

ಕೈಯಲ್ಲಿ ಇರಬೇಕಾದದ್ದು

ಮುಖ ಕಾಣುವಷ್ಟು ಒಂದು ಕನ್ನಡಿ, ಟಾರ್ಚ್, ರೆಕಾರ್ಡ್ ಮಾಡುವ ಫೋನ್, ಒಂದು ನೋಟ್‌ಬುಕ್, ಹೊಸ ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು, ನೀರಿನ ಬಾಟಲಿ. ಜೊತೆಗೆ ದಿನಕ್ಕೆ ಸ್ವಲ್ಪ ಹೊತ್ತು ಎದುರು ಕೂತು ಕೇಳುವ ಒಬ್ಬರು ಮನೆಯವರು. ಈ ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ.

ಹಂತ 1: ಆಪರೇಷನ್‌ಗೆ ಮುಂಚೆ

ಈಗಾಗಲೇ ಆಪರೇಷನ್ ಆಗಿದ್ದರೆ ಮುಂದಿನ ಹಂತಕ್ಕೆ ಹೋಗಿ. ಇನ್ನೂ ಆಗಿಲ್ಲದಿದ್ದರೆ ಸರ್ಜನ್ ಹತ್ತಿರ ಕೇಳಿ: ನಾಲಿಗೆ ತುದಿ ಉಳಿಯುತ್ತದಾ? ಫ್ಲ್ಯಾಪ್ ಹಾಕುತ್ತೀರಾ, ಎಲ್ಲಿಂದ? ಗಂಟಲಿಗೆ ತೂತು ಮಾಡುತ್ತೀರಾ? ಆಮೇಲೆ ಕರೆಂಟ್ ಇದೆಯಾ? ನಾಲಿಗೆ ಆಡಿಸುವ ವ್ಯಾಯಾಮ ಯಾವಾಗ ಶುರು ಮಾಡಬಹುದು? ಉತ್ತರಗಳನ್ನು ಬರೆದುಕೊಳ್ಳಿ.

ನಿಮ್ಮ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ಮೊಮ್ಮಕ್ಕಳ ಹೆಸರು ಕರೆಯುವುದು, ದಿನದ ಮಾತು, ಬೇಕಿದ್ದರೆ ಒಂದು ಹಾಡು. ಮನೆಯವರಿಗೆ ಅದು ಬೇಕಾಗುತ್ತದೆ. ನೀವು ಮೊದಲು ಎಷ್ಟು ಜೋರಾಗಿ, ಎಷ್ಟು ವೇಗವಾಗಿ ಮಾತಾಡುತ್ತಿದ್ದಿರಿ ಅಂತ ಚಿಕಿತ್ಸೆ ಮಾಡುವವರಿಗೂ ತಿಳಿಯುತ್ತದೆ. ಹುಳುಕು ಹಲ್ಲು ಇದ್ದರೆ ಈಗಲೇ ದಂತ ವೈದ್ಯರಿಗೆ ತೋರಿಸಿ. ಕರೆಂಟ್ ಆದ ಮೇಲೆ ಹಲ್ಲು ಕೀಳಿಸುವುದು ದವಡೆ ಮೂಳೆಗೆ ಅಪಾಯ.

ಹಂತ 2: ಆಸ್ಪತ್ರೆಯಲ್ಲಿ ಇರುವ ದಿನಗಳು

ಗಂಟಲಿನಲ್ಲಿ ನಳಿಗೆ ಇದ್ದರೆ ಉಸಿರು ಅಲ್ಲಿಂದಲೇ ಹೊರಗೆ ಹೋಗುತ್ತದೆ. ಬಾಯಿ ಆಡಿಸಿದರೂ ದನಿ ಬರುವುದಿಲ್ಲ. ಇಲ್ಲಿ ಬಹಳ ಜನ ಎದೆಗುಂದುತ್ತಾರೆ, ದನಿಯೇ ಹೋಯಿತು ಅಂದುಕೊಳ್ಳುತ್ತಾರೆ. ದನಿ ಹುಟ್ಟುವ ಪೆಟ್ಟಿಗೆ ಗಂಟಲಿನಲ್ಲಿದೆ. ನಾಲಿಗೆ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ನಳಿಗೆ ತೆಗೆದು ತೂತು ಮುಚ್ಚಿದ ಮೇಲೆ ದನಿ ಬರುತ್ತದೆ. ಡಾಕ್ಟರ್ ಹೇಳದೆ ನೀವೇ ಬೆರಳಿನಿಂದ ನಳಿಗೆ ಮುಚ್ಚಿ ನೋಡಬೇಡಿ.

ಅಲ್ಲಿವರೆಗೆ ಪಾಟಿ-ಬಳಪ ಅಥವಾ ನೋಟ್‌ಬುಕ್ ಬಳಸಿ. ಬರೆಯಲು ಬಾರದ ಹಿರಿಯರಿಗೆ ದೊಡ್ಡ ಚಿತ್ರಗಳ ಒಂದು ಹಾಳೆ ಮಾಡಿಕೊಡಿ: ನೀರು, ನೋವು, ಚಳಿ, ಕಫ ತೆಗೆಯಿರಿ, ನರ್ಸ್ ಕರೆಯಿರಿ, ಮೂತ್ರ. ಬೆರಳಿಟ್ಟು ತೋರಿಸಿದರೆ ಸಾಕು. ಟೈಪ್ ಮಾಡಿದ ಕನ್ನಡವನ್ನು ಓದಿ ಹೇಳುವ ಸೌಲಭ್ಯ ಈಗ ಫೋನಿನಲ್ಲೇ ಇದೆ, ಮೊಮ್ಮಕ್ಕಳಿಗೆ ಹೇಳಿದರೆ ಹಾಕಿಕೊಡುತ್ತಾರೆ.

ಈ ದಿನಗಳಲ್ಲಿ ನಾಲಿಗೆಗೆ ವ್ಯಾಯಾಮ ಬೇಡ. ಫ್ಲ್ಯಾಪ್‌ನ ರಕ್ತನಾಳಗಳು ಆಗಷ್ಟೇ ಜೋಡಿಸಿದವು, ಎಳೆದರೆ ಕೆಡುತ್ತವೆ. ಇನ್ನೊಂದು ಎಚ್ಚರಿಕೆ. ನಮ್ಮ ಕಡೆ ಮಕ್ಕಳಿಗೆ ಮಾತು ಬರಲಿ ಅಂತ ಬಜೆ ತೇಯ್ದು ನಾಲಿಗೆಗೆ ಹಚ್ಚುವ ರೂಢಿ ಇದೆ. ಆಪರೇಷನ್ ಆದ ನಾಲಿಗೆಗೂ ಹಚ್ಚಲು ಬರುವ ಹಿರಿಯರಿದ್ದಾರೆ. ದಯವಿಟ್ಟು ಬಜೆ, ಜೇನು, ಅರಿಶಿನ ಏನನ್ನೂ ಹಚ್ಚಬೇಡಿ. ಸ್ಟೀಲಿನ ನಾಲಿಗೆ ಕೆರೆಯುವ ಪಟ್ಟಿಯನ್ನೂ ಸದ್ಯಕ್ಕೆ ದೂರ ಇಡಿ.

ಹಂತ 3: ಮಾತಿಗಿಂತ ಮೊದಲು ನುಂಗುವುದು

ಇದು ಬೇರೆಯೇ ದೊಡ್ಡ ವಿಷಯ, ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಬಾಯಿಂದ ಊಟ ಶುರು ಮಾಡುವ ಮುಂಚೆ ನುಂಗುವ ಪರೀಕ್ಷೆ ಮಾಡಿಸಿ. ನೀರಿನಂಥ ತೆಳು ಪದಾರ್ಥ ಸುಲಭ ಅಂದುಕೊಳ್ಳುತ್ತೇವೆ. ನಾಲಿಗೆ ಹಿಡಿತ ಇಲ್ಲದಾಗ ಅದೇ ಬೇಗ ಜಾರಿ ಶ್ವಾಸನಾಳಕ್ಕೆ ಹೋಗುವುದು. ಕುಡಿದ ಮೇಲೆ ಕೆಮ್ಮು, ಗರಗರ ದನಿ, ಮೇಲಿಂದ ಮೇಲೆ ಜ್ವರ ಕಂಡರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಅಂಬಲಿ ಎಷ್ಟು ಗಟ್ಟಿ ಇರಬೇಕು, ಯಾವಾಗ ಮೆತ್ತಗಿನ ಅನ್ನಕ್ಕೆ ಹೋಗಬೇಕು ಅಂತ ಚಿಕಿತ್ಸಕರು ಹೇಳುತ್ತಾರೆ. ಕಡಕ್ ರೊಟ್ಟಿ ಎಲ್ಲಕ್ಕಿಂತ ಕೊನೆಗೆ.

ಹಂತ 4: ಬಾಯಿ ತೆರೆಯುವುದು, ನಾಲಿಗೆ ಆಡಿಸುವುದು

"ಇನ್ನು ಶುರು ಮಾಡಬಹುದು" ಅಂತ ಸರ್ಜನ್ ಹೇಳಿದ ದಿನದಿಂದ ಇದು ಶುರು.

ಮೊದಲು ಬಾಯಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಿಡಿಸಲು ನೋಡಿ. ಹಿಡಿಸದಿದ್ದರೆ ಬಾಯಿ ಬಿಗಿಯಾಗುತ್ತಿದೆ ಅಂತ ಅರ್ಥ. ಇದಕ್ಕೆ ಟ್ರಿಸ್ಮಸ್ ಅನ್ನುತ್ತಾರೆ. ಮೇಲಿನ ಕೆಳಗಿನ ಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಟ್ರಿಸ್ಮಸ್ ಎಂದು ಲೆಕ್ಕ. ವರ್ಷಗಟ್ಟಲೆ ಗುಟ್ಕಾ, ಮಾವಾ ಜಗಿದವರಿಗೆ ಆಪರೇಷನ್‌ಗೆ ಮುಂಚೆಯೇ ಬಾಯಿ ಬಿಗಿ ಇರುತ್ತದೆ, ಅವರು ಇನ್ನೂ ಜಾಸ್ತಿ ಗಮನ ಕೊಡಬೇಕು. ಬಾಯಿ ತೆರೆಯದಿದ್ದರೆ ಉಳಿದ ನಾಲಿಗೆಗೆ ಆಡಲು ಜಾಗವೇ ಇರುವುದಿಲ್ಲ.

ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಪಕ್ಕದ ಹಲ್ಲುಗಳ ನಡುವೆ ಹಿಡಿಯುವಷ್ಟು ಇಡಿ. ಹಾಗೇ ಹಿಡಿದು ನಿಲ್ಲಿ. ಸಡಿಲವಾಯಿತು ಅನ್ನಿಸಿದಾಗ ನಡುವೆ ಇನ್ನೊಂದು ಕಡ್ಡಿ ತೂರಿಸಿ. ಎಷ್ಟು ಕಡ್ಡಿ ಹಿಡಿಯಿತು ಅಂತ ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆಯಿರಿ. ಎಳೆತ ಅನ್ನಿಸಬೇಕು, ಚುಚ್ಚುವ ನೋವು ಬರಬಾರದು. ಅಲುಗಾಡುವ ಹಲ್ಲಿನ ಮೇಲೆ ಕಡ್ಡಿ ಇಡಬೇಡಿ.

ಆಮೇಲೆ ನಾಲಿಗೆ. ಕನ್ನಡಿ ಮುಂದೆ ಕೂತು ಮುಂದೆ ಚಾಚಿ, ಎಡಕ್ಕೆ, ಬಲಕ್ಕೆ, ಮೇಲಿನ ಹಲ್ಲಿನ ಹಿಂದಕ್ಕೆ, ಹಿಂದೆ ಗಂಟಲ ಕಡೆಗೆ ಎಳೆಯಿರಿ. ಹೋದಷ್ಟು ಹೋಗಲಿ. ಅಲ್ಲಿ ಕೆಲವು ಕ್ಷಣ ನಿಲ್ಲಿಸಿ ಬಿಡಿ. ಒಂದೊಂದು ದಿಕ್ಕಿಗೆ 5ರಿಂದ 10 ಸಲ, ದಿನದಲ್ಲಿ 4-5 ಬಾರಿ. ಒಂದೇ ಸಲ ಅರ್ಧ ಗಂಟೆ ಮಾಡಿ ಸುಸ್ತಾಗುವುದಕ್ಕಿಂತ ಸ್ವಲ್ಪ ಸ್ವಲ್ಪ, ಹಲವು ಬಾರಿ ಮಾಡುವುದೇ ಸರಿ. ತುಟಿಗೂ ಕೆಲಸ ಕೊಡಿ: ಮುಂದೆ ಚೂಪು ಮಾಡಿ, ಅಗಲಿಸಿ, ಗಲ್ಲ ಉಬ್ಬಿಸಿ ಗಾಳಿ ಹಿಡಿಯಿರಿ. ಮುಂದಿನ ಹಂತದಲ್ಲಿ ನಾಲಿಗೆಯ ಎಷ್ಟೋ ಕೆಲಸವನ್ನು ತುಟಿಯೇ ಮಾಡಬೇಕಾಗುತ್ತದೆ.

ರಕ್ತ ಬಂದರೆ, ಹೊಲಿಗೆ ಬಿಟ್ಟಂತೆ ಅನ್ನಿಸಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕುತ್ತಿಗೆ, ಭುಜಕ್ಕೆ ಫಿಸಿಯೋಥೆರಪಿಯವರು ಕಲಿಸಿದ್ದನ್ನು ಜೊತೆಗೇ ಮಾಡಿ. ಕುತ್ತಿಗೆಗೆ ಜೋರಾಗಿ ಮಾಲಿಷ್ ಮಾಡಿಸಬೇಡಿ.

ಹಂತ 5: ಅಕ್ಷರಗಳು

ಇಲ್ಲಿಗೆ ಬಂದಾಗ ಬಹಳ ಜನ ಮಾಡುವುದು ಒಂದೇ: ಅ, ಆ, ಇ, ಈ ಇಂದ ಹಿಡಿದು ಳ ವರೆಗೆ ವರ್ಣಮಾಲೆ ಓದುವುದು. ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ಅಳು ಬರುತ್ತದೆ, ಪುಸ್ತಕ ಮುಚ್ಚಿಡುತ್ತಾರೆ. ವರ್ಣಮಾಲೆಯ ಕ್ರಮ ನಮಗೆ ಬೇಡ. ನಾಲಿಗೆ ಎಷ್ಟು ಬೇಕು ಅನ್ನುವುದರ ಮೇಲೆ ಅಕ್ಷರಗಳನ್ನು ಬೇರೆ ಮಾಡಿಕೊಳ್ಳೋಣ.

ನಾಲಿಗೆ ಬೇಡದವು: ಪ, ಬ, ಮ, ವ, ಹ. ಮೊದಲ ನಾಲ್ಕು ತುಟಿಯವು, ಹ ಬರೀ ಉಸಿರು. ಇಲ್ಲಿಂದ ಶುರು ಮಾಡಿ. ಅಪ್ಪ, ಅಮ್ಮ, ಅವ್ವ, ಮಾಮಾ, ಬಾ, ಹೂಂ, ಉಹೂಂ. ಹೌದು-ಇಲ್ಲ ಅನ್ನಲು ಹೂಂ, ಉಹೂಂ ಸಾಕು, ಅದಕ್ಕೆ ನಾಲಿಗೆಯೇ ಬೇಡ. ಮೊದಲ ವಾರವೇ ಮನೆಯವರನ್ನು ದನಿಯಿಂದ ಕರೆಯಲು ಆದರೆ ಮುಂದಿನ ಕಷ್ಟಕ್ಕೆ ಧೈರ್ಯ ಬರುತ್ತದೆ.

ಸ್ವರಗಳು: ಆ, ಊ, ಓ ಬೇಗ ಬರುತ್ತವೆ. ಊ, ಓ ಗೆ ತುಟಿಯ ಸಹಾಯವಿದೆ. ಈ, ಏ ಗೆ ನಾಲಿಗೆ ಮುಂದಕ್ಕೆ ಏಳಬೇಕು. ಅದಕ್ಕೇ ಈ ಅನ್ನುವುದು ಏ ಆಗುತ್ತದೆ, ಏ ಅನ್ನುವುದು ಅ ಕಡೆಗೆ ಜಾರುತ್ತದೆ. ತುಟಿ ಚೆನ್ನಾಗಿ ಅಗಲಿಸಿ, ದವಡೆ ಸ್ವಲ್ಪ ಮೇಲೆತ್ತಿ ಹೇಳಿದರೆ ವ್ಯತ್ಯಾಸ ಉಳಿಯುತ್ತದೆ.

ಕನ್ನಡದಲ್ಲಿ ನಿಮ್ಮ ಪರವಾಗಿ ಇರುವ ಒಂದು ವಿಷಯ ಇದೆ. ಹ್ರಸ್ವ-ದೀರ್ಘ ಮತ್ತು ಒತ್ತು ಎರಡೂ ಸಮಯದ ಲೆಕ್ಕ. ಎಷ್ಟು ಹೊತ್ತು ಎಳೆಯುತ್ತೀರಿ, ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರಿ ಅನ್ನುವುದಷ್ಟೇ. ಅದನ್ನು ಆಪರೇಷನ್ ಕಿತ್ತುಕೊಂಡಿಲ್ಲ. ಹಾಲು-ಹಲ್ಲು, ಕಾಲು-ಕಲ್ಲು, ಹಳೆ-ಹಾಳೆ ಇವುಗಳನ್ನು ಜೋಡಿಯಾಗಿ ಹೇಳಿ. ಲ, ಳ ಸರಿಯಾಗಿ ಬರದಿದ್ದರೂ ಪರವಾಗಿಲ್ಲ. ದೀರ್ಘವನ್ನು ಪೂರ್ತಿ ಎಳೆಯಿರಿ, ಒತ್ತನ್ನು ಗಟ್ಟಿಯಾಗಿ ಹಿಡಿಯಿರಿ. ಎದುರಿನವರಿಗೆ ಅರ್ಧ ಅಲ್ಲೇ ತಿಳಿಯುತ್ತದೆ. ಇದನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ, ಅಷ್ಟು ಕೆಲಸಕ್ಕೆ ಬರುತ್ತದೆ.

ನಾಲಿಗೆಯ ಹಿಂಭಾಗದವು: ಕ, ಗ. ಕ್ಯಾನ್ಸರ್ ನಾಲಿಗೆಯ ಪಕ್ಕದಲ್ಲಿ ಅಥವಾ ಮುಂದೆ ಇದ್ದು ಹಿಂಭಾಗ ಉಳಿದಿದ್ದರೆ ಇವು ಚೆನ್ನಾಗಿ ಬರುತ್ತವೆ. ಹಿಂಭಾಗ ಹೋಗಿದ್ದರೆ, ಕ ಜಾಗದಲ್ಲಿ ಗಂಟಲಿನಲ್ಲೇ ಉಸಿರನ್ನು ಟಕ್ ಅಂತ ತಡೆದು ಬಿಡುವುದನ್ನು ಚಿಕಿತ್ಸಕರು ಕಲಿಸುತ್ತಾರೆ. ಕೇಳುವ ಕಿವಿಗೆ ಅದು ಕ ಅನ್ನಿಸುತ್ತದೆ.

ನಾಲಿಗೆಯ ಮುಂಭಾಗದವು: ತ, ದ, ನ, ಲ, ರ, ಸ. ತುದಿ ಹೋದವರಿಗೆ ಹೆಚ್ಚು ಪೆಟ್ಟು ಬೀಳುವುದು ಇವಕ್ಕೆ. ಎರಡು ದಾರಿ ಇವೆ. ತುದಿಯ ಹಿಂದಿನ ಭಾಗ ಉಳಿದಿದ್ದರೆ ಅದನ್ನೇ ಹಲ್ಲಿಗೆ ತಾಗಿಸಿ ತ, ದ, ನ ಹೇಳಿ. ಅದೂ ತಲುಪದಿದ್ದರೆ ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ತ, ದ ಹೇಳಿ, ಅದನ್ನೇ ಹಿಡಿದು ಮೂಗಿನಿಂದ ದನಿ ಬಿಟ್ಟರೆ ನ. ಶುರುವಿನಲ್ಲಿ ಬೇರೆಯದೇ ಅಕ್ಷರ ಹೇಳಿದಂತೆ ಅನ್ನಿಸುತ್ತದೆ. ಪದದೊಳಗೆ ಬಂದಾಗ ಕೇಳುವವರು ಅದನ್ನು ತ ಎಂದೇ ಹಿಡಿಯುತ್ತಾರೆ. ಸ ಗೆ ಗಾಳಿಯ ಸಣ್ಣ ದಾರಿ ಬೇಕು, ಅದು ತಡವಾಗಿ ಬರುತ್ತದೆ. ರ ಉರುಳದಿದ್ದರೆ ಒಂದೇ ಸಲ ತಟ್ಟಿ ಬಿಡಿ.

ನಾಲಿಗೆ ಮೇಲೆ ಮಡಚಬೇಕಾದವು: ಟ, ಡ, ಣ, ಳ. ಕನ್ನಡದಲ್ಲಿ ಇವು ಹೆಜ್ಜೆ ಹೆಜ್ಜೆಗೂ ಬರುತ್ತವೆ. ಎಲ್ಲಕ್ಕಿಂತ ಕಷ್ಟ ಇವೇ. ತ ಮತ್ತು ಟ ಎರಡೂ ಒಂದೇ ರೀತಿ ಕೇಳಿಸಿದರೂ ಚಿಂತೆ ಬೇಡ. "ಊಟ ಆಯ್ತಾ" ಅಂತ ಕೇಳಿದಾಗ ಟ ಮೆತ್ತಗಾದರೂ ತಪ್ಪು ತಿಳಿಯುವವರು ಯಾರೂ ಇಲ್ಲ. ಈ ಗುಂಪನ್ನು ಕೊನೆಗೆ ಇಟ್ಟುಕೊಳ್ಳಿ.

ಯಾವ ಗುಂಪೇ ಆಗಲಿ, ಮಾಡುವ ರೀತಿ ಹೀಗೆ: ಮೊದಲು ಅಕ್ಷರ ಒಂದೇ (ಪಾ, ಪೀ, ಪೂ), ಆಮೇಲೆ ಎರಡು ಅಕ್ಷರದ ಪದ, ಆಮೇಲೆ ಸಣ್ಣ ವಾಕ್ಯ. ರೆಕಾರ್ಡ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿ. ತಿಂಗಳಿಗೊಮ್ಮೆ ಅದೇ ಪಟ್ಟಿಯನ್ನು ಮತ್ತೆ ರೆಕಾರ್ಡ್ ಮಾಡಿ ಹಿಂದಿನದರ ಜೊತೆ ಹೋಲಿಸಿ. ದಿನ ದಿನಕ್ಕೆ ಹೋಲಿಸಿದರೆ ಏನೂ ಬದಲಾಗಿಲ್ಲ ಅನ್ನಿಸಿ ಬೇಜಾರಾಗುತ್ತದೆ.

ಮನೆಯಲ್ಲಿ ಮರಾಠಿ ಅಥವಾ ಉರ್ದು ಮಾತಾಡುವವರು ಬೆಳಗಾವಿ, ವಿಜಯಪುರದಲ್ಲಿ ಬಹಳ. ನಿಮಗೆ ತಾಯಿಯಿಂದ ಬಂದ ಭಾಷೆಯಲ್ಲೇ ಅಭ್ಯಾಸ ಶುರು ಮಾಡಿ, ಕನ್ನಡ ಹಿಂದೆಯೇ ಬರುತ್ತದೆ.

ಹಂತ 6: ಪದದಿಂದ ಮಾತಿಗೆ

ನಮ್ಮ ಊರುಗಳ ಹೆಸರೇ ಒಳ್ಳೆಯ ಪಾಠ. ಬಾದಾಮಿ: ಬ, ಮ ತುಟಿಯವು, ನಡುವೆ ಒಂದು ದ. ಗೋಕಾಕ: ಪೂರ್ತಿ ಹಿಂಭಾಗದ್ದು, ತುದಿ ಹೋದವರೂ ಹೇಳಬಲ್ಲರು. ಮುದ್ದೇಬಿಹಾಳ: ಅರ್ಧ ತುಟಿ, ಅರ್ಧ ನಾಲಿಗೆ. ಅಥಣಿ, ಸವದತ್ತಿ ಕಷ್ಟ. ತೇರದಾಳ ಎಲ್ಲಕ್ಕಿಂತ ಕಷ್ಟ, ತ, ರ, ದ, ಳ ನಾಲ್ಕೂ ನಾಲಿಗೆ ಮುಂಭಾಗದವೇ. ಈ ಕ್ರಮದಲ್ಲಿ ಮೇಲೇರಿ.

ಬಸ್ಸಿನಲ್ಲಿ ಬರೀ "ತೇರದಾಳ" ಅಂದರೆ ಕಂಡಕ್ಟರಿಗೆ ತಿಳಿಯದಿರಬಹುದು. "ರಬಕವಿ ದಾಟಿ ತೇರದಾಳ" ಅನ್ನಿ. ರಬಕವಿಯಲ್ಲಿ ಬ, ಕ, ವ ಇವೆ, ಅದು ಕಿವಿಗೆ ಬಿದ್ದರೆ ಮುಂದಿನದನ್ನು ಅವರೇ ಹಿಡಿಯುತ್ತಾರೆ. ಯಾವ ವಿಷಯ ಅಂತ ಮೊದಲು ಒಂದು ಸುಲಭದ ಪದದಲ್ಲಿ ಹೇಳಿ, ಆಮೇಲೆ ಮಾತು ಮುಂದುವರಿಸುವುದು ಎಲ್ಲ ಕಡೆಗೂ ಆಗುತ್ತದೆ.

ಒಂದೇ ಅರ್ಥಕ್ಕೆ ಎರಡು ಪದ ಇದ್ದರೆ ಸುಲಭದ್ದನ್ನು ಆರಿಸಿ. ದುಡ್ಡು ಅನ್ನಲು ಆಗದವರು ರೊಕ್ಕ ಅನ್ನಬಲ್ಲರು. ನೋವು ಅನ್ನುವುದಕ್ಕಿಂತ ಬ್ಯಾನಿ ಗಟ್ಟಿಯಾಗಿ ಕೇಳಿಸುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಇಂಥವು ಸಾಕಷ್ಟು ಇವೆ, ಹುಡುಕಿ ಒಂದು ಪಟ್ಟಿ ಮಾಡಿಕೊಳ್ಳಿ.

ಸಂಖ್ಯೆಗಳ ಬಗ್ಗೆ ತುಂಬಾ ಹುಷಾರು. ಮೊದಲಿನ ತ ಬಿದ್ದುಹೋದರೆ ತೊಂಬತ್ತು ಅನ್ನುವುದು ಒಂಬತ್ತು ಅಂತ ಕೇಳಿಸುತ್ತದೆ. ಎಪಿಎಂಸಿಯಲ್ಲಿ, ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ ಇದು ದೊಡ್ಡ ಗೊಂದಲ ಮಾಡುತ್ತದೆ. "ಒಂಬತ್ತು, ಸೊನ್ನೆ" ಅಂತ ಬಿಡಿಬಿಡಿಯಾಗಿ ಹೇಳಿ, ಜೊತೆಗೆ ಬೆರಳು ತೋರಿಸಿ ಅಥವಾ ಫೋನಿನಲ್ಲಿ ಒತ್ತಿ ತೋರಿಸಿ. ಮಾತ್ರೆಯ ಲೆಕ್ಕ, ಹಣದ ಲೆಕ್ಕ ಬರೀ ಬಾಯಿಮಾತಿನಲ್ಲಿ ಬೇಡ.

ಮಾತಾಡುವಾಗ ನಿಧಾನ. ಎರಡು ಮೂರು ಪದಕ್ಕೊಮ್ಮೆ ನಿಲ್ಲಿ, ಎಂಜಲು ನುಂಗಿ, ಮುಂದುವರಿಸಿ. ಬಾಯಿ ದೊಡ್ಡದಾಗಿ ತೆರೆದು ಹೇಳಿ. ಜೋರಾಗಿ ಕೂಗಿದರೆ ಸ್ಪಷ್ಟವಾಗುವುದಿಲ್ಲ, ಗಂಟಲು ಸೋಲುತ್ತದೆ ಅಷ್ಟೇ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ಮೊದಲು ವಿಡಿಯೋ ಕಾಲ್‌ನಲ್ಲಿ ಅಭ್ಯಾಸ ಮಾಡಿ. ಮನೆಯವರ ಜೊತೆ ಶುರು ಮಾಡಿ, ಆಮೇಲೆ ಗುರುತಿನ ಅಂಗಡಿ, ಆಮೇಲೆ ಗುರುತಿಲ್ಲದವರು. ಹೊರಗೆ ಹೋಗುವುದನ್ನೇ ಬಿಟ್ಟು ಒಳಗೆ ಕೂರುವವರನ್ನು ನೋಡಿದರೆ ನನಗೆ ಬಹಳ ಸಂಕಟವಾಗುತ್ತದೆ. ಮಾತಾಡದೆ ಮಾತು ಬರುವುದಿಲ್ಲ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಡ. ಫೋನಿನಲ್ಲಿ ಮಾತು ತಿಳಿಯಲಿಕ್ಕಿಲ್ಲ ಅನ್ನುವ ಅಳುಕಿದ್ದರೆ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಸಹಾಯ ಮಾಡಲಿ.

ಹಂತ 7: ಕರೆಂಟ್ ಕೊಡುವ ದಿನಗಳು

ಡಾಕ್ಟರುಗಳು ಹೇಳುವ ರೇಡಿಯೇಷನ್ ಅಥವಾ ರೇಡಿಯೋಥೆರಪಿ ಇದೇ. ಬೇಕಿದ್ದವರಿಗೆ ಸಾಮಾನ್ಯವಾಗಿ ಆಪರೇಷನ್ ಆದ 6 ವಾರದೊಳಗೆ ಶುರುವಾಗುತ್ತದೆ. ವಾರಕ್ಕೆ 5 ದಿನ, ಸುಮಾರು 6 ವಾರ. ನಡುವಿನಲ್ಲಿ ಬಾಯಿ ಹುಣ್ಣಾಗುತ್ತದೆ, ಎಂಜಲು ಒಣಗುತ್ತದೆ, ಮಾತು ಹಿಂದಕ್ಕೆ ಹೋದಂತೆ ಕಾಣುತ್ತದೆ. ಅಷ್ಟು ದಿನ ಮಾಡಿದ್ದೆಲ್ಲ ಹಾಳಾಯಿತು ಅಂದುಕೊಳ್ಳಬೇಡಿ. ನೋವು ತಡೆಯುವಷ್ಟು, ಬಾಯಿ ತೆರೆಯುವ ವ್ಯಾಯಾಮವನ್ನಾದರೂ ಬಿಡದೆ ಮಾಡಿ. ನೋವಿನ ಔಷಧಿ ತೆಗೆದುಕೊಂಡ ಮೇಲೆ ಮಾಡಿದರೆ ಸುಲಭ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು ಹಾಕಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಿ ಉಗಿಯಿರಿ. ಉರಿಯುವ ಮೌತ್‌ವಾಶ್ ಬೇಡ. ಮಾತಾಡುವ ಮುಂಚೆ ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಿ. ಒಣಗಿದ ಬಾಯಲ್ಲಿ ಸ, ಚ ಬರುವುದೇ ಇಲ್ಲ.

ಕರೆಂಟ್ ಮುಗಿದ ಮೇಲೂ ಒಳಗಿನ ಮಾಂಸ ಬಿಗಿಯಾಗುವುದು ನಿಲ್ಲುವುದಿಲ್ಲ. ತಿಂಗಳು, ವರ್ಷ ಕಳೆದ ಮೇಲೂ ಬಾಯಿ ಕಿರಿದಾಗಬಹುದು. ಐಸ್‌ಕ್ರೀಮ್ ಕಡ್ಡಿಯ ವ್ಯಾಯಾಮವನ್ನು ಹಲ್ಲು ತಿಕ್ಕುವ ಹಾಗೆ ದಿನದ ಕೆಲಸ ಮಾಡಿಕೊಳ್ಳಿ.

ಹಂತ 8: ಮನೆಯವರಿಗೆ

ತಿಳಿಯದಿದ್ದರೆ ತಿಳಿದಂತೆ ತಲೆ ಆಡಿಸಬೇಡಿ. ಅವರಿಗೆ ಅದು ಗೊತ್ತಾಗುತ್ತದೆ, ಮರುಕ್ಷಣವೇ ಮಾತು ನಿಲ್ಲಿಸುತ್ತಾರೆ. "ಯಪ್ಪಾ, ಅಥಣಿ ಅನ್ನೂದು ತಿಳೀತು, ಮುಂದಿಂದು ತಿಳೀಲಿಲ್ಲ, ಇನ್ನೊಮ್ಮೆ ಹೇಳು" ಅನ್ನಿ. ಎಷ್ಟು ತಿಳಿಯಿತು ಅಂತ ಹೇಳಿದರೆ ಅವರು ಉಳಿದದ್ದನ್ನು ಮಾತ್ರ ಮತ್ತೆ ಹೇಳಿದರೆ ಸಾಕಾಗುತ್ತದೆ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಟಿವಿ ಬಂದ್ ಮಾಡಿ, ಮುಖ ನೋಡಿ ಕೂರಿ. ಬಂದವರ ಮುಂದೆ "ಅವರಿಗೆ ಮಾತು ಬರೋದಿಲ್ಲ" ಅನ್ನಬೇಡಿ, "ನಿಧಾನ ಹೇಳ್ತಾರ, ಕೇಳ್ರಿ" ಅನ್ನಿ. ಪ್ರತಿ ತಪ್ಪನ್ನೂ ತಿದ್ದುವುದು ಬೇಡ. ಅಭ್ಯಾಸದ ಹೊತ್ತಿನಲ್ಲಿ ತಿದ್ದಿ, ಊಟದ ಹೊತ್ತಿನಲ್ಲಿ ಸುಮ್ನೆ ಮಾತಾಡಿ.

ಹಂತ 9: ಅಂಗುಳದ ತಟ್ಟೆ

ನಾಲಿಗೆ ಜಾಸ್ತಿ ತೆಗೆದಿದ್ದರೆ ಎಷ್ಟು ವ್ಯಾಯಾಮ ಮಾಡಿದರೂ ಅದು ಮೇಲಿನ ಅಂಗುಳಕ್ಕೆ ತಲುಪುವುದಿಲ್ಲ. ಆಗ ಅಂಗುಳವನ್ನೇ ಕೆಳಗೆ ತರಬಹುದು. ಪ್ಯಾಲೇಟಲ್ ಆಗ್ಮೆಂಟೇಶನ್ ಪ್ರಾಸ್ಥೆಸಿಸ್ ಅನ್ನುವ ತಟ್ಟೆ ಇದೆ, ಹಾಕಿ ತೆಗೆಯುವ ಹಲ್ಲಿನ ಸೆಟ್ ಥರ. ಮೇಲಿನ ಹಲ್ಲುಗಳಿಗೆ ಸಿಕ್ಕಿಸುತ್ತಾರೆ, ನಾಲಿಗೆ ತಲುಪದ ಜಾಗದಲ್ಲಿ ದಪ್ಪ ಮಾಡಿರುತ್ತಾರೆ. ಉಳಿದ ನಾಲಿಗೆ ಅದಕ್ಕೆ ತಾಗಿ ತ, ದ, ಕ, ಗ ಎಷ್ಟೋ ಸ್ಪಷ್ಟವಾಗುತ್ತವೆ, ನುಂಗಲೂ ಸಹಾಯ. ಇದರ ಬಗ್ಗೆ ರೋಗಿಗಳಿಗೆ ಹೇಳುವವರೇ ಕಡಿಮೆ, ನೀವೇ ಕೇಳಿ.

ಮಾಡುವವರು ಪ್ರಾಸ್ಥೋಡಾಂಟಿಸ್ಟ್, ಅಂದರೆ ಕೃತಕ ಹಲ್ಲು ಕಟ್ಟುವ ದಂತ ತಜ್ಞರು. ದಂತ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ: ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ವಿ.ಕೆ. ದಂತ ಕಾಲೇಜು, ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು. ಗಾಯ ಮಾಯ್ದು, ಕರೆಂಟ್ ಹುಣ್ಣು ಆರಿದ ಮೇಲೆ ಹೋಗಿ. ದಂತ ವೈದ್ಯರೂ ಮಾತಿನ ಚಿಕಿತ್ಸಕರೂ ಸೇರಿ ಅಳತೆ ನೋಡಿದರೆ ತಟ್ಟೆ ಸರಿಯಾಗಿ ಬರುತ್ತದೆ, ಯಾಕೆಂದರೆ ಎಲ್ಲಿ ದಪ್ಪ ಬೇಕು ಅಂತ ಮಾತಾಡಿಸಿಯೇ ನೋಡಬೇಕು.

ಹಂತ 10: ಚಿಕಿತ್ಸಕರು ಎಲ್ಲಿ ಸಿಗುತ್ತಾರೆ

ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರು ದೂರ, ಆದರೆ ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು, ಮುಂದಿನದನ್ನು ವಿಡಿಯೋ ಮೂಲಕ ಮಾಡಬಹುದಾ ಅಂತ ಕೇಳಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಮಿರಜದಲ್ಲಿ ಅಥವಾ ಮುಂಬೈಯಲ್ಲಿ ಆಪರೇಷನ್ ಆದವರು ಅಲ್ಲಿಂದ ಮಾತಿನ ಚಿಕಿತ್ಸೆಗೆ ಒಂದು ಚೀಟಿ ಬರೆಸಿಕೊಂಡು ಬನ್ನಿ, ಇಲ್ಲಿಯವರಿಗೆ ಕೆಲಸ ಸುಲಭ.

ಎರಡು ಪ್ರಶ್ನೆ ತಪ್ಪದೆ ಕೇಳಿ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ? ಬಾಯಿ ಕ್ಯಾನ್ಸರ್ ಆದವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ? ನಮ್ಮಲ್ಲಿ ಹಲವರು ಮಕ್ಕಳ ಜೊತೆ ಮಾತ್ರ ಕೆಲಸ ಮಾಡಿರುತ್ತಾರೆ. "ವಾರದಲ್ಲಿ ಮಾತು ತರಿಸುತ್ತೇವೆ" ಅನ್ನುವವರ ಹತ್ತಿರ ಹೋಗಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಏನೇನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಚಿಕಿತ್ಸೆ ಎಲ್ಲ ಮುಗಿದ ಮೇಲೂ ಮಾತಿನ ತೊಂದರೆ ಹಾಗೇ ಉಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಾಕ್ ಮತ್ತು ಭಾಷಾ ದೋಷವೂ ಸೇರಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕುವ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಡಾಕ್ಟರ ಹತ್ತಿರ ತಡ ಮಾಡದೆ ಹೋಗಬೇಕಾದದ್ದು

ತಂಬಾಕು, ಗುಟ್ಕಾ, ಬೀಡಿ, ಸಾರಾಯಿ ಪೂರ್ತಿ ಬಿಡಲೇಬೇಕು. ನಿಪ್ಪಾಣಿಯಂಥ ತಂಬಾಕು ಬೆಳೆಯುವ ಊರು ನಮ್ಮ ಜಿಲ್ಲೆಯಲ್ಲೇ ಇದೆ, ಪಕ್ಕದಲ್ಲಿ ಕೂತವರು ಅಂಗೈಯಲ್ಲಿ ಸುಣ್ಣ ತಿಕ್ಕುತ್ತಿರುತ್ತಾರೆ, ಬಿಡುವುದು ಎಷ್ಟು ಕಷ್ಟ ಅಂತ ಗೊತ್ತು. ಬಿಡಲು ಸಹಾಯ ಬೇಕಿದ್ದರೆ 1800-11-2356ಗೆ ಉಚಿತವಾಗಿ ಫೋನ್ ಮಾಡಿ.

ಮೊದಲ ವರ್ಷ ಸಾಮಾನ್ಯವಾಗಿ 1ರಿಂದ 3 ತಿಂಗಳಿಗೊಮ್ಮೆ ತೋರಿಸಲು ಕರೆಯುತ್ತಾರೆ. ಮಾತು ಚೆನ್ನಾಗಿ ಬರುತ್ತಿದೆ ಅಂತ ಒಂದು ಭೇಟಿಯನ್ನೂ ತಪ್ಪಿಸಬೇಡಿ. ಸುಧಾರಿಸುತ್ತಿದ್ದ ಮಾತು ಕಾರಣವಿಲ್ಲದೆ ಮತ್ತೆ ತೊದಲತೊಡಗಿದರೆ, ಬಾಯಲ್ಲಿ ಮಾಯದ ಹುಣ್ಣು ಅಥವಾ ಬಿಳಿ-ಕೆಂಪು ಮಚ್ಚೆ ಕಂಡರೆ, ಒಂದೇ ಕಡೆ ಕಿವಿ ನೋವು ಬಂದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ತೆರೆಯುತ್ತಿದ್ದ ಬಾಯಿ ಇದ್ದಕ್ಕಿದ್ದಂತೆ ಬಿಗಿಯಾದರೆ ಮುಂದಿನ ತಾರೀಕಿನವರೆಗೆ ಕಾಯಬೇಡಿ. ನೋಟ್‌ಬುಕ್, ಫೋನಿನ ರೆಕಾರ್ಡಿಂಗ್ ಎರಡನ್ನೂ ತೆಗೆದುಕೊಂಡು ಅದೇ ವಾರ ಹೋಗಿ. ಯಾವ ತಾರೀಕಿನಿಂದ ಏನು ಬದಲಾಯಿತು ಅಂತ ಅವುಗಳಲ್ಲೇ ಡಾಕ್ಟರಿಗೆ ಕಾಣುತ್ತದೆ.